ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್: ಶಕ್ತಿವರ್ಧನೆಯ ಜಮಾ-ಖರ್ಚು

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ವಾರದ ಗಡಿಬಿಡಿಯಲ್ಲಿ, ಮಲೆನಾಡಿನ ಕಾಫಿ ಬೆಳೆಗಾರರೊಬ್ಬರು ನಮ್ಮ ಕಚೇರಿಗೆ ಬಂದು ಬಿಲ್ಲುಗಳ ದಪ್ಪ ಕಡತವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಆ ಬಿಲ್ಲುಗಳೆಲ್ಲವೂ ಒಂದೇ ವಾಹನಕ್ಕೆ ಸೇರಿದವು. ಸೋದರಮಾವನಿಂದ ಅವರಿಗೆ ಬಂದಿದ್ದ, 1967ರಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಎರಡು ಆಸನಗಳ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಅದು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಡುತ್ತೇವೆಂದ ವರ್ಕ್‌ಶಾಪೊಂದಕ್ಕೆ ಅವರು ಅದನ್ನು ಒಪ್ಪಿಸಿದ್ದರು. ಇಟಲಿಯ ದೊಡ್ಡ ಕಾರ್ಬ್ಯುರೇಟರ್, ಪಂದ್ಯದ ಕಾರುಗಳಿಗೆಂದು ಮಾಡಿದ ಕ್ಯಾಮ್‌ಶಾಫ್ಟ್, ಹೊಳೆಯುವ ಉಕ್ಕಿನ ಸೈಲೆನ್ಸರ್ ಕೊಳವೆ, ಇವುಗಳ ಬೆಲೆ, ಜೋಡಣೆಯ ಕೂಲಿ, ಎಲ್ಲವೂ ಕಡತದಲ್ಲಿದ್ದವು.

"ಆಡಿಟರೇ, ಇಷ್ಟು ಹಣ ಸುರಿದ ಮೇಲೂ ಘಾಟಿ ಏರುವಾಗ ಗಾಡಿ ಮೊದಲಿಗಿಂತ ಸೊರಗುತ್ತದೆ. ಅದು ಹಾಗಿರಲಿ, ಈ ಖರ್ಚನ್ನು ತೋಟದ ಲೆಕ್ಕದಲ್ಲಿ ರಿಪೇರಿ ಎಂದು ಬರೆದುಕೊಳ್ಳಬಹುದೇ?" ಎಂದು ಕೇಳಿದರು.

ಎರಡನೆಯ ಪ್ರಶ್ನೆಗೆ ಐದು ನಿಮಿಷಗಳಲ್ಲಿ ಉತ್ತರ ದೊರೆಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲನೆಯದು ನನ್ನನ್ನು ಬಿಡಲಿಲ್ಲ. ಹಣ ಹೂಡಿದ ಮೇಲೆ ಉತ್ಪನ್ನ ಕುಗ್ಗಿತೆಂದರೆ ಯಾವ ಲೆಕ್ಕಪರಿಶೋಧಕನಿಗೂ ಕುತೂಹಲ ಕೆರಳುವುದು ಸಹಜ. ಎಂಜಿನಿಯರಿಂಗ್ ನನ್ನ ವಿಷಯವಲ್ಲ; ನಾನು ವಾಣಿಜ್ಯ ಪದವೀಧರ. ಆದರೂ ಆ ಕಾರಿನ ಹಿಂದೆ ಬಿದ್ದು ಪುಸ್ತಕಗಳನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ನಮ್ಮ ಸಂಸ್ಥೆಯ ಸದಸ್ಯರ ಮುಂದಿಡುತ್ತಿದ್ದೇನೆ. ಸದಸ್ಯರಲ್ಲಿ ಹಳೆಯ ಕಾರುಗಳ ಒಡೆಯರೂ ಇದ್ದಾರೆ, ವರ್ಕ್‌ಶಾಪ್, ಲೇತ್ ಮತ್ತು ಬೋರಿಂಗ್ ಕೆಲಸದವರೂ ಇದ್ದಾರೆ.

ನಮಗೆ ಅಪರಿಚಿತವಲ್ಲದ ಎಂಜಿನ್

ಎಂ.ಜಿ. ಎಂದರೆ 'ಮಾರಿಸ್ ಗ್ಯಾರೇಜಸ್'. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರುಗಳನ್ನು ಮಾರಿ ದುರಸ್ತಿ ಮಾಡುತ್ತಿದ್ದ ಮಳಿಗೆಯ ಹೆಸರದು. 1920ರ ದಶಕದಲ್ಲಿ ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಸಾಧಾರಣ ಮಾರಿಸ್ ಕಾರುಗಳಿಗೆ ಅಂದವಾದ ಮೈಕಟ್ಟು ತೊಡಿಸಿ, ಯಂತ್ರಭಾಗವನ್ನು ತಿದ್ದಿ, ಹೆಚ್ಚಿನ ಬೆಲೆಗೆ ಮಾರಲಾರಂಭಿಸಿದನು. ಎಂದರೆ ಈ ಹೆಸರಿನ ಮೂಲದಲ್ಲಿರುವುದೇ ಒಬ್ಬ ಮಾರಾಟಗಾರನ ಮೌಲ್ಯವರ್ಧನೆ. ಮುಂದೆ ಆಬಿಂಗ್ಡನ್ ಪಟ್ಟಣದಲ್ಲಿ ಅದಕ್ಕೆ ಸ್ವಂತ ಕಾರ್ಖಾನೆಯಾಯಿತು. ಅದು 1980ರಲ್ಲಿ ಮುಚ್ಚಿತು. 2019ರಿಂದ ನಮ್ಮ ರಸ್ತೆಗಳಲ್ಲಿ ಕಾಣಿಸುತ್ತಿರುವ ಎಂ.ಜಿ. ಕಾರುಗಳಿಗೂ ಅದಕ್ಕೂ ಉಳಿದಿರುವ ನಂಟು ಲಾಂಛನದ್ದು ಮಾತ್ರ.

ಎಂ.ಜಿ.ಬಿ. ಮಾದರಿ 1962ರಿಂದ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದರ ಎಂಜಿನ್ನಿಗೆ ತಯಾರಕರಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಇಟ್ಟ ಹೆಸರು 'ಬಿ-ಸೀರೀಸ್'. ಈ ಹೆಸರು ನಮ್ಮ ಹಿರಿಯ ಮೆಕ್ಯಾನಿಕ್ಕುಗಳಿಗೆ ಹೊಸದಲ್ಲ. ನಮ್ಮ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ದುಡಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಆರ್ಟಿಕಲ್ಡ್ ಕ್ಲರ್ಕ್ ಆಗಿದ್ದ ಕಾಲದಲ್ಲಿ ನಾನು ನಮ್ಮ ಹಿರಿಯ ಲೆಕ್ಕಪರಿಶೋಧಕರ ಅಂಬಾಸಿಡರಿನ ಹಿಂದಿನ ಆಸನದಲ್ಲಿ, ಲೆಡ್ಜರುಗಳ ನಡುವೆ ಒತ್ತಾಗಿ ಕುಳಿತು ಊರೂರು ತಿರುಗಿದವನು. ಸ್ಪೋರ್ಟ್ಸ್ ಕಾರಿನ ದಾಯಾದಿ ಎಂಜಿನ್ನೊಂದು ನಮ್ಮನ್ನು ಎಳೆಯುತ್ತಿದೆಯೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿಯೂ ಇದ್ದದ್ದು ಅದೇ 1489 ಸಿ.ಸಿ. ಎಂಜಿನ್. ಸಿಲಿಂಡರಿನ ವ್ಯಾಸ ಅದೇ 73 ಮಿಲಿಮೀಟರು, ಪಿಸ್ಟನ್ನಿನ ಚಲನೆಯ ಉದ್ದ ಅದೇ 88.9 ಮಿಲಿಮೀಟರು. ಆದರೆ ಅಂಬಾಸಿಡರಿನಲ್ಲಿ ಅದು ಸುಮಾರು 55 ಅಶ್ವಶಕ್ತಿಯನ್ನೂ ಎಂ.ಜಿ.ಎ.ಯಲ್ಲಿ ಮೊದಲಿಗೇ 68 ಅಶ್ವಶಕ್ತಿಯನ್ನೂ ಕೊಡುತ್ತಿತ್ತು. ಮುಂದೆ ಎಂ.ಜಿ.ಬಿ.ಯಲ್ಲಿ ಚಲನೆಯ ಉದ್ದವನ್ನು ಬದಲಿಸದೆ ವ್ಯಾಸವನ್ನು 80.26 ಮಿಲಿಮೀಟರಿಗೆ ಹಿಗ್ಗಿಸಿ 1798 ಸಿ.ಸಿ. ಮಾಡಿದರು, ಶಕ್ತಿ ಸುಮಾರು 95ಕ್ಕೆ ಏರಿತು. ಒಂದೇ ಗಾತ್ರದ ಎರಡು ಎಂಜಿನ್ನುಗಳ ನಡುವೆ 13 ಅಶ್ವಶಕ್ತಿಯ ವ್ಯತ್ಯಾಸ ಹೇಗೆ ಬಂತೆಂಬುದು ತಿಳಿದರೆ ಶಕ್ತಿವರ್ಧನೆಯ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆ.

ಗಾಳಿಯ ವ್ಯಾಪಾರ

ಎಂಜಿನ್ ಪೆಟ್ರೋಲಿನಿಂದ ಓಡುತ್ತದೆಂಬುದು ನಮ್ಮೆಲ್ಲರ ತಿಳಿವಳಿಕೆ. ತಪ್ಪಲ್ಲ, ಆದರೆ ಪೆಟ್ರೋಲನ್ನು ಒಳಕ್ಕೆ ಕಳುಹಿಸುವುದು ಕಷ್ಟದ ಕೆಲಸವೇ ಅಲ್ಲ. ಕಷ್ಟವಿರುವುದು ಅದನ್ನು ಉರಿಸಲು ಬೇಕಾದ ಗಾಳಿಯನ್ನು ಒಳಸೇರಿಸುವುದರಲ್ಲಿ. ಒಂದು ತೂಕ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಗರಿಷ್ಠ ಶಕ್ತಿ ಬೇಕೆನ್ನುವಾಗ ಈ ಪ್ರಮಾಣವನ್ನು 12.5ರಿಂದ 13ರ ನಡುವೆ ಇರಿಸುತ್ತಾರೆ. ಎಂ.ಜಿ.ಬಿ. ತನ್ನ ಗರಿಷ್ಠ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ 5400 ಸುತ್ತುಗಳಲ್ಲಿ. ನಾಲ್ಕು ಹೊಡೆತಗಳ ಎಂಜಿನ್ನಾದ್ದರಿಂದ ಎರಡು ಸುತ್ತಿಗೆ ಒಮ್ಮೆ ಅದರ ಪೂರ್ಣ ಗಾತ್ರದಷ್ಟು ಗಾಳಿ ಒಳಬರಬೇಕು. ಗುಣಿಸಿದರೆ ನಿಮಿಷಕ್ಕೆ ಸುಮಾರು 4850 ಲೀಟರು. ಇದು ಕಾಗದದ ಮೇಲಿನ ಲೆಕ್ಕ. ವಾಸ್ತವದಲ್ಲಿ ಅಷ್ಟು ವೇಗದಲ್ಲಿ ಕಿರಿದಾದ ದಾರಿಗಳಲ್ಲಿ ತಿರುಗಿ ತಿರುಗಿ ಬರುವ ಗಾಳಿ ಸಿಲಿಂಡರನ್ನು ಪೂರ್ತಿ ತುಂಬುವುದಿಲ್ಲ. ತುಂಬದೆ ಉಳಿಯುವ ಪಾಲೇ ಶಕ್ತಿವರ್ಧಕನ ಸೊತ್ತು. ಅವನು ಹೊಸದೇನನ್ನೂ ಸೃಷ್ಟಿಸುವುದಿಲ್ಲ, ಸೋರಿಕೆಯನ್ನು ಹಿಡಿಯುತ್ತಾನೆ.

ಇಂಗ್ಲೆಂಡಿನ ಪುಸ್ತಕಗಳು ಹೇಳದಿರುವ ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. 95 ಅಶ್ವಶಕ್ತಿ ಎಂಬುದು ಸಮುದ್ರಮಟ್ಟದ ಗಾಳಿಯ ಲೆಕ್ಕ. ಬೆಂಗಳೂರು ಸುಮಾರು 920 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ನೂರಕ್ಕೆ ಎಂಟೊಂಬತ್ತು ಪಾಲು ಕಡಿಮೆ. ಆದುದರಿಂದ ಯಾವ ದೋಷವೂ ಇಲ್ಲದ ಎಂ.ಜಿ.ಬಿ. ಕೂಡ ಬೆಂಗಳೂರಿನಲ್ಲಿ ಏಳೆಂಟು ಅಶ್ವಶಕ್ತಿಯನ್ನು ಕಳೆದುಕೊಂಡೇ ಓಡುತ್ತದೆ. ಗಾಳಿ ತೆಳುವಾದಾಗ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುವುದರಿಂದ ಕಾರ್ಬ್ಯುರೇಟರನ್ನು ಎತ್ತರಕ್ಕೆ ತಕ್ಕಂತೆ ಹೊಂದಿಸದಿದ್ದರೆ ನಷ್ಟ ಇನ್ನೂ ಹೆಚ್ಚು. ನಮ್ಮ ಬೆಳೆಗಾರರ ತೋಟವಂತೂ ಬೆಂಗಳೂರಿಗಿಂತ ಎತ್ತರದಲ್ಲಿದೆ.

ಇಕ್ಕಟ್ಟು ಎಲ್ಲಿದೆ?

ಕಾಫಿ ತೋಟದವರಿಗೆ ಪಲ್ಪರ್ ಯಂತ್ರದ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಪಲ್ಪರ್ ಗಂಟೆಗೆ ಒಂದು ಟನ್ ಹಣ್ಣನ್ನಷ್ಟೇ ಸುಲಿಯುವಾಗ ಒಣಗಿಸುವ ಕಣವನ್ನು ಎರಡು ಪಟ್ಟು ವಿಸ್ತರಿಸಿದರೆ ಕಣದ ಅರ್ಧ ಖಾಲಿ ಬಿದ್ದಿರುತ್ತದೆ, ಅಷ್ಟೆ. ಬಿ-ಸೀರೀಸ್ ಎಂಜಿನ್ನಿನ ಪಲ್ಪರ್ ಅದರ ಸಿಲಿಂಡರ್ ಹೆಡ್.

ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಒಳದಾರಿ, ನಾಲ್ಕು ಹೊರದಾರಿ ಇರಬೇಕಾದದ್ದು ನ್ಯಾಯ. ಆದರೆ ಇದರಲ್ಲಿರುವುದು ಎರಡು ಒಳದಾರಿ, ಮೂರು ಹೊರದಾರಿ, ಒಟ್ಟು ಐದೇ. ತಯಾರಿಕೆ ಸುಲಭವಾಗಲೆಂದೂ ಅಗ್ಗವಾಗಲೆಂದೂ ಮಾಡಿದ ಏರ್ಪಾಡಿದು. ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳು ಒಂದೇ ಬಾಗಿಲಿನಿಂದ ಉಸಿರಾಡಬೇಕು. ಮೂರು, ನಾಲ್ಕರದು ಇನ್ನೊಂದು ಬಾಗಿಲು. ದಹನದ ಸರದಿ 1-3-4-2. ಹೀಗಾಗಿ ಒಂದು ಬಾಗಿಲನ್ನು ಹಂಚಿಕೊಂಡ ಎರಡು ಸಿಲಿಂಡರುಗಳು ಒಂದರ ಬೆನ್ನಿಗೆ ಒಂದು ಗಾಳಿಯನ್ನೆಳೆದು, ಬಳಿಕ ದೀರ್ಘಕಾಲ ಸುಮ್ಮನಿರುತ್ತವೆ. ಒಂದು ಎಳೆದು ಮುಗಿಸುವ ಮುನ್ನವೇ ಇನ್ನೊಂದು ಆರಂಭಿಸುವುದರಿಂದ ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗುವುದುಂಟು. ಅವಿಭಕ್ತ ಕುಟುಂಬದ ಲೆಕ್ಕಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹೆಡ್ಡಿನ ದಹನಕೋಷ್ಠವನ್ನು ರೂಪಿಸಿದವನು ಹ್ಯಾರಿ ವೆಸ್ಲೇಕ್ ಎಂಬ ತಜ್ಞ. ಎಂಜಿನ್ನಿನೊಳಗೆ ಗಾಳಿ ಹರಿಯುವ ಪ್ರಮಾಣವನ್ನು ಅಳೆದು ನೋಡಿ ಕೆಲಸ ಮಾಡಬೇಕೆಂಬ ಪದ್ಧತಿಯನ್ನು ಬೆಳೆಸಿದವರಲ್ಲಿ ಅವನು ಪ್ರಮುಖ. ಕವಾಟಗಳ ಸುತ್ತ ಹೃದಯಾಕಾರವಾಗಿ ಬಳಸಿಕೊಂಡ ಅವನ ಕೋಷ್ಠ ಮಿತವ್ಯಯಕ್ಕೂ ಒಳ್ಳೆಯದೆಂದು ಸಿದ್ಧವಾಯಿತು. ಹೆಡ್ಡಿನ ಮೇಲೆ ಕೆಲಸ ಮಾಡುವ ನುರಿತವರು ಇಂದಿಗೂ ಅದೇ ಪದ್ಧತಿಯನ್ನು ಅನುಸರಿಸುತ್ತಾರೆ: ಹೆಡ್ಡನ್ನು ಗಾಳಿ ಹರಿಸುವ ಯಂತ್ರದ ಮೇಲಿಟ್ಟು, ಕವಾಟವನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ, ಪ್ರತಿ ಹಂತದಲ್ಲಿಯೂ ಎಷ್ಟು ಗಾಳಿ ಹರಿಯಿತೆಂದು ಬರೆದುಕೊಳ್ಳುತ್ತಾರೆ. ಕವಾಟದ ಪೀಠಕ್ಕೆ ಒಂದೇ ಕೋನದ ಬದಲು ಮೂರು ಕೋನಗಳನ್ನು ಕೊಡುವುದು, ಪೀಠದ ಕೆಳಗಿನ ತಿರುವನ್ನು ನಯವಾಗಿ ಬಳಸುವುದು, ಕವಾಟದ ಗೈಡ್ ದಾರಿಗೆ ಚಾಚಿಕೊಂಡಿರುವಲ್ಲಿ ಸವರುವುದು: ಹೆಚ್ಚಿನ ಲಾಭ ಇಷ್ಟರಲ್ಲಿಯೇ ಇದೆ. ಒಳಮೈಯನ್ನು ಕನ್ನಡಿಯಂತೆ ಹೊಳೆಯಿಸುವುದರಲ್ಲಿ ಇಲ್ಲ. ದಾರಿಯನ್ನು ಮನಬಂದಂತೆ ದೊಡ್ಡದು ಮಾಡಿದರೆ ಗಾಳಿಯ ವೇಗ ಇಳಿದು, ಕಡಿಮೆ ಸುತ್ತುಗಳಲ್ಲಿ ಎಂಜಿನ್ ಮತ್ತಷ್ಟು ಸೋಮಾರಿಯಾಗುತ್ತದೆ. ನಮ್ಮ ಬೆಳೆಗಾರರ ಬಿಲ್ಲಿನಲ್ಲಿ 'ಪಾಲಿಶ್ ಕೂಲಿ' ಎಂದು ದೊಡ್ಡ ಮೊತ್ತವಿತ್ತು. ಗಾಳಿಯನ್ನು ಅಳೆದ ಒಂದು ಅಂಕಿಯೂ ಇರಲಿಲ್ಲ.

ಹೆಡ್ಡಿನ ತಿದ್ದುಪಡಿ ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿಯೇ ಒಂದು ವ್ಯಾಪಾರವಾಗಿ ಬೆಳೆದಿತ್ತು. ವಿಲ್ಟ್‌ಶೈರ್ ಪ್ರಾಂತದ ಡೌಂಟನ್ ಎಂಬ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ನಡೆಸುತ್ತಿದ್ದ ಸಣ್ಣ ಉದ್ದಿಮೆಯ ಕೈಚಳಕವನ್ನು ಕಂಡು ಕಾರು ತಯಾರಕರೇ ಅವನ ಸಲಹೆಯನ್ನು ಪಡೆದರು. ಆಬಿಂಗ್ಡನ್ ಕಾರ್ಖಾನೆ ತಾನೇ ಒಂದು ವಿಶೇಷ ವಿಭಾಗವನ್ನು ತೆರೆದು, ಯಾವ ಹಂತಕ್ಕೆ ಯಾವ ಬಿಡಿಭಾಗ ಬೇಕೆಂದು ಕೈಪಿಡಿಗಳನ್ನು ಮುದ್ರಿಸಿ ಮಾರಿತು. ಗ್ರಾಹಕನ ಹಳೆಯ ಹೆಡ್ಡನ್ನು ಪಡೆದು ತಿದ್ದಿದ ಹೆಡ್ಡನ್ನು ಕೊಡುವ ವಿನಿಮಯ ಪದ್ಧತಿ ಈ ವ್ಯಾಪಾರದಲ್ಲಿ ರೂಢಿ. ಗ್ರಾಹಕನಿಗೆ ಕಾರು ಬೇಗ ಕೈಸೇರುತ್ತದೆ. ಉದ್ದಿಮೆಗೆ ದಾಸ್ತಾನು ಸದಾ ತಿರುಗುತ್ತಿರುತ್ತದೆ. ಆದರೆ ಕಾರಿನೊಂದಿಗೆ ಹುಟ್ಟಿದ ಹೆಡ್ ಮಾತ್ರ ಕೈಬಿಟ್ಟು ಹೋಗುತ್ತದೆ. ಇದರ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ.

ಚಪ್ಪಲಿ ವ್ಯಾಪಾರಿಗಳ ಕಾರ್ಬ್ಯುರೇಟರ್

ಎಂ.ಜಿ.ಬಿ.ಗೆ ಕಾರ್ಖಾನೆಯಿಂದಲೇ ಬರುತ್ತಿದ್ದುದು ಒಂದೂವರೆ ಅಂಗುಲದ ಎರಡು 'ಎಸ್.ಯು.' ಕಾರ್ಬ್ಯುರೇಟರುಗಳು. ಈ ಅಕ್ಷರಗಳ ಹಿಂದಿರುವ ಹೆಸರು 'ಸ್ಕಿನ್ನರ್ಸ್ ಯೂನಿಯನ್'. ಲಂಡನ್ನಿನಲ್ಲಿ ಪಾದರಕ್ಷೆಗಳ ವ್ಯಾಪಾರ ನಡೆಸುತ್ತಿದ್ದ ಸ್ಕಿನ್ನರ್ ಮನೆತನದ ಸೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಕಂಡುಹಿಡಿದು 1910ರಲ್ಲಿ ಕಂಪನಿ ಕಟ್ಟಿದರು. ಮೊದಮೊದಲು ಅದರೊಳಗೆ ಪಿಸ್ಟನ್ನಿನ ಬದಲು ಚರ್ಮದ ತಿದಿ ಇತ್ತೆಂಬುದು ಆ ಮನೆಯ ವ್ಯಾಪಾರಕ್ಕೆ ತಕ್ಕ ಮಾತೇ ಸರಿ.

ಇದರ ತತ್ತ್ವ ಸರಳ. ಎಂಜಿನ್ ಹೆಚ್ಚು ಗಾಳಿಯನ್ನೆಳೆದಂತೆ ಒಳಗಿನ ಪಿಸ್ಟನ್ ತಾನಾಗಿ ಮೇಲೇರಿ ದಾರಿಯನ್ನು ಅಗಲಗೊಳಿಸುತ್ತದೆ. ಪಿಸ್ಟನ್ನಿಗೆ ಅಂಟಿಕೊಂಡ ಮೊನಚು ಸೂಜಿಯೂ ಮೇಲೇರುವುದರಿಂದ ಪೆಟ್ರೋಲಿನ ರಂಧ್ರ ಅಷ್ಟೇ ಪ್ರಮಾಣದಲ್ಲಿ ತೆರೆಯುತ್ತದೆ. ಸೂಜಿಯ ಇಳಿಜಾರು ಹೇಗಿದೆಯೋ ಮಿಶ್ರಣ ಹಾಗಿರುತ್ತದೆ. ಬೇಕಾದಷ್ಟು ಬಗೆಯ ಸೂಜಿಗಳು ಸಿಗುತ್ತವೆ. ಒಂದು ಸೂಜಿಯ ಬೆಲೆ ಅತ್ಯಲ್ಪ. ಈ ಅಲ್ಪ ಬೆಲೆಯ ಸೂಜಿಯನ್ನು ಬದಲಿಸಿ ನೋಡುವ ಬದಲು, ಎರಡು ಕಂಠಗಳ 45 ಮಿಲಿಮೀಟರಿನ ದೊಡ್ಡ ಕಾರ್ಬ್ಯುರೇಟರನ್ನು ಕೂಡಿಸಿದ್ದು ನಮ್ಮ ಕಥೆಯ ಮೊದಲ ತಪ್ಪು. ಅದು ಕೆಟ್ಟ ಕಾರ್ಬ್ಯುರೇಟರಲ್ಲ. ಪಂದ್ಯದ ಎಂಜಿನ್ನಿನಲ್ಲಿ ಹೆಸರು ಗಳಿಸಿದ್ದೇ. ಆದರೆ ಬದಲಾಗದ ಹೆಡ್ಡಿನ ಮುಂದೆ ಅದು ಖಾಲಿ ಕಣ. ಜೊತೆಗೆ, ಎತ್ತರದ ಪ್ರದೇಶದ ಗಾಳಿಗೆ ಅದರ ಜೆಟ್ಟುಗಳನ್ನು ಯಾರೂ ಹೊಂದಿಸಿರಲಿಲ್ಲ.

ಸೈಲೆನ್ಸರ್ ಕೊಳವೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎಂ.ಜಿ.ಬಿ.ಯ ಎರಕದ ಮ್ಯಾನಿಫೋಲ್ಡ್ ಸಾಮಾನ್ಯ ಉಪಯೋಗಕ್ಕೆ ಸಾಕಷ್ಟು ಚೆನ್ನಾಗಿದೆ. ಹೊಳೆಯುವ ಕೊಳವೆಯಿಂದ ಮುಖ್ಯವಾಗಿ ಹೆಚ್ಚುವುದು ಸದ್ದು.

ಕ್ಯಾಮ್‌ಶಾಫ್ಟ್: ಸಾಲ ತಂದ ಶಕ್ತಿ

ಕವಾಟಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕೆಂದು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. ಎಂ.ಜಿ.ಬಿ.ಯ ಮೂಲ ಕ್ಯಾಮ್ ಒಳಗವಾಟವನ್ನು ಪಿಸ್ಟನ್ ತುದಿಗೆ ಬರುವ 16 ಡಿಗ್ರಿ ಮೊದಲೇ ತೆರೆದು, ತಳಮುಟ್ಟಿ 56 ಡಿಗ್ರಿ ಕಳೆದ ಮೇಲೆ ಮುಚ್ಚುತ್ತದೆ. ಒಟ್ಟು 252 ಡಿಗ್ರಿ. ತಳ ಮುಟ್ಟಿದ ಮೇಲೂ ಏಕೆ ತೆರೆದಿಡಬೇಕೆಂದರೆ, ವೇಗವಾಗಿ ನುಗ್ಗುತ್ತಿರುವ ಗಾಳಿ ತನ್ನ ಓಟದ ಬಲದಿಂದ ಇನ್ನಷ್ಟು ತುಂಬಿಕೊಳ್ಳುತ್ತದೆ. ಪಂದ್ಯದ ಕ್ಯಾಮ್ ಈ ಅವಧಿಯನ್ನು 280-300 ಡಿಗ್ರಿಗಳವರೆಗೂ ಹಿಗ್ಗಿಸುತ್ತದೆ. ನಿಮಿಷಕ್ಕೆ 5000-6000 ಸುತ್ತುಗಳಲ್ಲಿ ಇದರಿಂದ ಲಾಭ ನಿಜ. ಆದರೆ 2000 ಸುತ್ತಿನಲ್ಲಿ ಗಾಳಿಗೆ ಆ ಓಟದ ಬಲವಿರುವುದಿಲ್ಲ. ಮೇಲೇರುವ ಪಿಸ್ಟನ್ ಒಳಬಂದದ್ದರಲ್ಲಿ ಒಂದು ಪಾಲನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ತಳ್ಳುತ್ತದೆ. ಬಾಗಿಲನ್ನು ಹಂಚಿಕೊಂಡ ಸಿಲಿಂಡರುಗಳ ಕಿತ್ತಾಟವೂ ಇದರಿಂದ ಹೆಚ್ಚುತ್ತದೆ.

ಎಂದರೆ ಕ್ಯಾಮ್ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಕೆಳಗಿನ ಸುತ್ತುಗಳಿಂದ ಕಿತ್ತು ಮೇಲಿನ ಸುತ್ತುಗಳಿಗೆ ವರ್ಗಾಯಿಸುತ್ತದೆ. ಪಂದ್ಯದ ಮೈದಾನದಲ್ಲಿ ಎಂಜಿನ್ ಕೆಳಗಿಳಿಯುವುದೇ ಇಲ್ಲವಾದ್ದರಿಂದ ಆ ವರ್ಗಾವಣೆ ಲಾಭಕರ. ಆದರೆ ಘಾಟಿಯ ತಿರುವುಗಳಲ್ಲಿ, ಎದುರಿನಿಂದ ಬಸ್ಸು ಬಂದಾಗ, ಕಾರು ಎರಡನೆಯ ಗೇರಿನಲ್ಲಿ 1500 ಸುತ್ತಿನಿಂದ ಚೇತರಿಸಿಕೊಳ್ಳಬೇಕು. ಬೆಳೆಗಾರರ ಕಾರು ಸೊರಗಿದ್ದು ಇಲ್ಲಿಯೇ. ಅವರು ವರ್ಷಕ್ಕೆ ಒಮ್ಮೆಯೂ ಹೋಗದ ಊರಿನ ಶಾಖೆಗೆ ದಿನನಿತ್ಯದ ಅಂಗಡಿಯ ದುಡಿಯುವ ಬಂಡವಾಳವನ್ನು ಕಳುಹಿಸಿಬಿಟ್ಟಿದ್ದರು.

ಎಂಜಿನ್ನನ್ನು ಹೆಚ್ಚು ಸುತ್ತಿಸುವುದಕ್ಕೆ ಇನ್ನೊಂದು ವೆಚ್ಚವಿದೆ. ಪಿಸ್ಟನ್ನನ್ನು ತುದಿಯಲ್ಲಿ ನಿಲ್ಲಿಸಿ ಹಿಂದಿರುಗಿಸಲು ಬೇಕಾಗುವ ಬಲ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 5400ರಿಂದ 6500ಕ್ಕೆ ಹೋದರೆ ಸುತ್ತುಗಳು ಹೆಚ್ಚುವುದು ನೂರಕ್ಕೆ 20. ಕನೆಕ್ಟಿಂಗ್ ರಾಡಿನ ಮೇಲಿನ ಒತ್ತಡ ಹೆಚ್ಚುವುದು ನೂರಕ್ಕೆ 45. ಮೊದಲ ಎಂ.ಜಿ.ಬಿ.ಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಮೂರೇ ಬೇರಿಂಗುಗಳ ಆಸರೆಯಿತ್ತು. 1964ರ ಕೊನೆಯಿಂದ ಐದು ಬಂದವು. ಕಾರು ಯಾವ ಕಾಲದ್ದೆಂದು ನೋಡದೆ ಈ ಕೆಲಸಕ್ಕೆ ಕೈಹಾಕಬಾರದು.

ಕಾರ್ಖಾನೆಯೇ ಕಲಿತ ಪಾಠ

ಕಂಪ್ರೆಶನ್ ಪ್ರಮಾಣವನ್ನು ಏರಿಸುವುದು ಶಕ್ತಿವರ್ಧನೆಯ ಇನ್ನೊಂದು ದಾರಿ. ಎಂ.ಜಿ.ಬಿ.ಯ ಮೂಲ ಪ್ರಮಾಣ 8.8. ಅದನ್ನು 10ಕ್ಕೆ ಏರಿಸಿದರೆ ಸೈದ್ಧಾಂತಿಕ ದಕ್ಷತೆ ನೂರಕ್ಕೆ ಮೂರೂವರೆಯಷ್ಟು ಹೆಚ್ಚುತ್ತದೆ. ಲಾಭ ಚಿಕ್ಕದು, ಗಂಡಾಂತರ ಚಿಕ್ಕದಲ್ಲ. ಒತ್ತಡಕ್ಕೆ ಸಿಕ್ಕಿದ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮುನ್ನವೇ ತಾನಾಗಿ ಸಿಡಿಯುವುದನ್ನು ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುತ್ತಾರೆ. ಅದು ಪಿಸ್ಟನ್ನಿನ ತಲೆಯನ್ನೇ ತೂತು ಮಾಡಬಲ್ಲದು.

ಇದಕ್ಕೆ ಎಂ.ಜಿ. ಕಾರ್ಖಾನೆಯ ಇತಿಹಾಸದಲ್ಲಿಯೇ ಉದಾಹರಣೆಯಿದೆ. 1958ರಲ್ಲಿ ಅವರು ಎಂ.ಜಿ.ಎ. ಕಾರಿನ 'ಟ್ವಿನ್ ಕ್ಯಾಮ್' ಮಾದರಿಯನ್ನು ಹೊರತಂದರು. ಅದೇ ಬಿ-ಸೀರೀಸ್ ಬುಡದ ಮೇಲೆ ಎರಡು ಕ್ಯಾಮ್‌ಶಾಫ್ಟುಗಳ ಹೊಸ ಅಲ್ಯುಮಿನಿಯಂ ಹೆಡ್, 1588 ಸಿ.ಸಿ.; ಕಂಪ್ರೆಶನ್ 9.9, ಶಕ್ತಿ 108. ಕಾಗದದ ಮೇಲೆ ಅದ್ಭುತ. ಆದರೆ ಗ್ರಾಹಕರ ಕೈಯಲ್ಲಿ ಪಿಸ್ಟನ್ನುಗಳು ಸುಡತೊಡಗಿದವು. ಉತ್ತಮ ದರ್ಜೆಯ ಪೆಟ್ರೋಲನ್ನೇ ಹಾಕಬೇಕು, ಕಿಡಿಯ ಸಮಯವನ್ನು ಕೂದಲೆಳೆಯಷ್ಟೂ ತಪ್ಪದಂತೆ ಇಡಬೇಕು. ಸಾಮಾನ್ಯ ಗ್ಯಾರೇಜುಗಳಲ್ಲಿ ಈ ಎರಡೂ ನಡೆಯಲಿಲ್ಲ. ಕೆಲವು ಸುತ್ತುಗಳಲ್ಲಿ ಕಾರ್ಬ್ಯುರೇಟರುಗಳೇ ನಡುಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತಿತ್ತೆಂಬುದು ಬಹಳ ತಡವಾಗಿ ತಿಳಿಯಿತು. ಕಂಪ್ರೆಶನ್ನನ್ನು 8.3ಕ್ಕೆ ಇಳಿಸಿದರು, ಆದರೆ ಹೆಸರು ಅಷ್ಟರಲ್ಲಿ ಕೆಟ್ಟಿತ್ತು. 2111 ಕಾರುಗಳಿಗೆ ತಯಾರಿಕೆ ನಿಂತಿತು, 1960ರಲ್ಲಿ. ವಿನ್ಯಾಸಕಾರರೂ ಪರೀಕ್ಷಾಗಾರಗಳೂ ಇದ್ದ ಕಾರ್ಖಾನೆಗೇ ಹೀಗಾದರೆ, ಊಹೆಯ ಮೇಲೆ ಹೆಡ್ಡನ್ನು ತೇಯುವವರ ಗತಿಯೇನು?

ಪೆಟ್ರೋಲ್ ಆ ಕಾಲದ್ದಲ್ಲವೆಂಬುದೂ ನೆನಪಿರಬೇಕು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟದಲ್ಲಿದೆ. ಸೀಸದ ಲೇಪದ ರಕ್ಷಣೆಯಿಲ್ಲದೆ ಹಳೆಯ ಎರಕದ ಹೆಡ್ಡಿನಲ್ಲಿ ಹೊರಗವಾಟದ ಪೀಠ ಸವೆದು ಒಳಕ್ಕಿಳಿಯುತ್ತದೆ. ಹೆಡ್ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ಪೀಠಗಳನ್ನು ಕೂಡಿಸುವುದು ಜಾಣತನ. ಈಗ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕಾದ್ದರಿಂದ, ಹಳೆಯ ಸೂಜಿಯನ್ನೇ ಇಟ್ಟುಕೊಂಡರೆ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಬಿರಡೆಯ ಪಟ್ಟಿಗಳೂ ಅದರಲ್ಲಿ ಬಾಳುವುದಿಲ್ಲ. ಪೆಟ್ರೋಲ್ ಜಿನುಗಿ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಬೆಂಕಿ. ಇತರ ಖರ್ಚುಗಳನ್ನು ಮುಂದೂಡಿದರೂ ಈ ಕೊಳವೆಗಳ ಖರ್ಚನ್ನು ಮುಂದೂಡಬಾರದು.

ಹೂಡಿಕೆಗೆ ಪ್ರತಿಫಲ

ಶಕ್ತಿ ಹೆಚ್ಚಿತೆಂದೇ ಇಟ್ಟುಕೊಳ್ಳೋಣ. ನುರಿತ ಕೈಯಲ್ಲಿ, ತಿದ್ದಿದ ಹೆಡ್ಡಿನೊಂದಿಗೆ 95 ಎಂಬುದು 120 ಆಯಿತೆಂದು ಭಾವಿಸಿದರೆ, ಹೆಚ್ಚಳ ನೂರಕ್ಕೆ 26. ಗರಿಷ್ಠ ವೇಗ ಎಷ್ಟು ಹೆಚ್ಚುತ್ತದೆ? ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಹೆಚ್ಚುವುದು ನೂರಕ್ಕೆ ಎಂಟರಷ್ಟು ಮಾತ್ರ. ಏರುದಾರಿಯಲ್ಲಿ, ಮುಂದಿನ ವಾಹನವನ್ನು ದಾಟುವಾಗ ಲಾಭ ಹೆಚ್ಚಾಗಿ ಕಾಣುತ್ತದೆ, ನಿಜ. ಆದರೆ ಬ್ರೇಕುಗಳು, ಟೈರುಗಳು, ಸ್ಟಿಯರಿಂಗ್ ಕೀಲುಗಳು ಆರು ದಶಕಗಳ ಹಿಂದಿನ ವಿನ್ಯಾಸದವು. ಹಿಂದಿನ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್. ಎಂಜಿನ್ನಿಗೆ ಒಂದು ರೂಪಾಯಿ ಹಾಕುವ ಮುನ್ನ ನಿಲ್ಲಿಸುವ ಸಾಮಗ್ರಿಗೆ ಎಂಟಾಣೆ ಹಾಕಿರಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೂ ಮೊದಲಿನ ಖರ್ಚು ಪರೀಕ್ಷೆಯದು. ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಡಿಸ್ಟ್ರಿಬ್ಯೂಟರಿನ ಒಳಗಿನ ತೂಕದ ಬಿಲ್ಲೆಗಳೂ ಸ್ಪ್ರಿಂಗುಗಳೂ ಸವೆದಿವೆಯೇ ನೋಡಬೇಕು. ಅವು ಸವೆದಿದ್ದರೆ ಕಿಡಿ ತಪ್ಪು ಹೊತ್ತಿನಲ್ಲಿ ಬರುತ್ತದೆ. ಎಷ್ಟೋ ಹಳೆಯ ಎಂಜಿನ್ನುಗಳು ಕಳೆದುಕೊಂಡ ಶಕ್ತಿ ಅಲ್ಲಿಯೇ ಅಡಗಿರುತ್ತದೆ. ಬಳಿಕ, ಸಾಧ್ಯವಾದರೆ, ಕಾರನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿಯನ್ನು ಅಳೆಯುವ ಯಂತ್ರಕ್ಕೆ ಒಯ್ಯಬೇಕು. ಆರಂಭಿಕ ಶಿಲ್ಕನ್ನು ಬರೆಯದೆ ವರ್ಷದ ಲಾಭ ತೆಗೆಯುವ ಲೆಕ್ಕಿಗನನ್ನು ನಾವು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲವಷ್ಟೆ.

ಕಾನೂನು ಮತ್ತು ತೆರಿಗೆ

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ, ಅನುಮತಿಯಿಲ್ಲದ ಮಾರ್ಪಾಡಿಗೆ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸಿಲಿಂಡರನ್ನು ಹಿಗ್ಗಿಸಿ 1798 ಸಿ.ಸಿ.ಯನ್ನು 1950ರ ಹತ್ತಿರಕ್ಕೆ ಒಯ್ಯುವುದು ಇಂಗ್ಲೆಂಡಿನಲ್ಲಿ ಮಾಮೂಲು ಕೆಲಸ. ನಮ್ಮಲ್ಲಿ ಆರ್.ಸಿ. ಪುಸ್ತಕದಲ್ಲಿ ನಮೂದಾದ ಸಿ.ಸಿ. ಬದಲಾಯಿತೆಂದರೆ ತೊಡಕು ಖಂಡಿತ. ವಿಮೆಯವರೂ ಅದನ್ನೇ ಹಿಡಿಯುತ್ತಾರೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. 50 ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ 'ವಿ.ಎ.' ಅಕ್ಷರಗಳಿರುವ ವಿಶೇಷ ಸಂಖ್ಯೆ, ಹತ್ತು ವರ್ಷಗಳ ನೋಂದಣಿ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಿತ್ಯಬಳಕೆಗೂ ಬಾಡಿಗೆಗೂ ಅದನ್ನು ಉಪಯೋಗಿಸುವಂತಿಲ್ಲ. ಮುಖ್ಯವಾದ ಷರತ್ತೆಂದರೆ, ವಾಹನ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಹಳೆಯ ಕಾರುಗಳ ಪೇಟೆಯಲ್ಲಿಯೂ ಮೂಲ ಎಂಜಿನ್ ಮತ್ತು ಮೂಲ ಬಿಡಿಭಾಗಗಳಿರುವ ವಾಹನಕ್ಕೆ ಹೆಚ್ಚಿನ ಮನ್ನಣೆ. ಆದ್ದರಿಂದ ಕಿತ್ತು ತೆಗೆದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಬೇಕು. ಮೂಲ ಹೆಡ್ಡನ್ನು ಮುಟ್ಟದೆ, ಬೇರೊಂದು ಹೆಡ್ಡನ್ನು ತಂದು ತಿದ್ದಿಸಬೇಕು. ಹಾಗಾದರೆ ಯಾವಾಗ ಬೇಕಾದರೂ ಹಿಂದಿರುಗುವ ದಾರಿ ತೆರೆದಿರುತ್ತದೆ.

ಇನ್ನು ತೆರಿಗೆ. ಬೆಳೆಗಾರರ ಕಾರು ಅವರ ಸ್ವಂತ ಬಳಕೆಯದು; ತೋಟದ ಆಸ್ತಿಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅದರ ಖರ್ಚಿಗೆ ತೋಟದ ಲೆಕ್ಕದಲ್ಲಿ ಸ್ಥಳವಿಲ್ಲ. ವ್ಯವಹಾರದ ಯಂತ್ರವೇ ಆಗಿದ್ದರೂ, ರಿಪೇರಿ ಎಂಬ ಮಾತಿಗೆ ಗಡಿಗಳಿವೆ. 1967ರಲ್ಲಿ ಮಹಾಲಕ್ಷ್ಮಿ ಟೆಕ್ಸ್‌ಟೈಲ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೂಲುವ ಯಂತ್ರದ ಕೆಲವು ಭಾಗಗಳನ್ನು ಹೊಸ ಬಗೆಯವುಗಳಿಂದ ಬದಲಿಸಿದ್ದನ್ನು ಚಾಲ್ತಿ ರಿಪೇರಿಯೆಂದು ಒಪ್ಪಿತ್ತು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ್ದು ರಿಪೇರಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಪಡೆಯಲು ಮಾಡಿದ್ದು ಅಲ್ಲವೆಂದಿತು. ಶಕ್ತಿವರ್ಧನೆಯ ಉದ್ದೇಶವೇ ಹೊಸ ಅನುಕೂಲವಾಗಿರುವುದರಿಂದ ವಾದಕ್ಕೆ ಹೆಚ್ಚು ಎಡೆಯಿಲ್ಲ. ಒಂದು ಸಮಾಧಾನವಿದೆ: ಸ್ವಂತ ಬಳಕೆಯ ಕಾರು ವೈಯಕ್ತಿಕ ವಸ್ತುವೆನಿಸುವುದರಿಂದ, ಮಾರಿದಾಗ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ನಷ್ಟವಾದರೆ ಅದನ್ನು ತೋರಿಸಿಕೊಳ್ಳುವಂತೆಯೂ ಇಲ್ಲ. ಕಾರುಗಳನ್ನು ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಈ ಮಾತು ಅನ್ವಯಿಸದು.

ನಮ್ಮ ಬೆಳೆಗಾರರು ವಿಂಟೇಜ್ ನೋಂದಣಿಯ ದಾರಿಯನ್ನೇ ಆರಿಸಿಕೊಂಡರು. ಮೂಲ ಭಾಗಗಳನ್ನು ಕೇಳಿಕೊಂಡು ವರ್ಕ್‌ಶಾಪಿಗೆ ಹೋದಾಗ ಕ್ಯಾಮ್‌ಶಾಫ್ಟ್ ಹಿತ್ತಿಲಿನ ಕಬ್ಬಿಣದ ರಾಶಿಯಲ್ಲಿ ತುಕ್ಕು ಹಿಡಿದು ಸಿಕ್ಕಿತು. ಎಸ್.ಯು. ಕಾರ್ಬ್ಯುರೇಟರುಗಳೆರಡೂ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗಿದ್ದವು. ಅದೇ ಮಾದರಿಯ ಜೋಡಿಯೊಂದನ್ನು ಇಂಗ್ಲೆಂಡಿನಿಂದ ತರಿಸಬೇಕಾಯಿತು; ಬೆಲೆ, ಸಾಗಣೆ, ಸುಂಕ ಎಲ್ಲ ಕೂಡಿದಾಗ ಇಟಲಿಯ ಕಾರ್ಬ್ಯುರೇಟರಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಯಿತು. ಡಿಸ್ಟ್ರಿಬ್ಯೂಟರನ್ನು ಹೊಸದಾಗಿ ಕಟ್ಟಿಸಿ, ಕವಾಟದ ಪೀಠಗಳನ್ನು ಬದಲಿಸಿ, ಎತ್ತರಕ್ಕೆ ತಕ್ಕ ಸೂಜಿಗಳನ್ನು ಹಾಕಿಸಿದ ಮೇಲೆ ಕಾರು ಘಾಟಿಯನ್ನು ಮೂರನೆಯ ಗೇರಿನಲ್ಲಿ ಏರುತ್ತಿದೆಯೆಂದು ತಿಳಿಸಿದ್ದಾರೆ. ಹೊಳೆಯುವ ಕೊಳವೆ ತೋಟದ ಗೋದಾಮಿನಲ್ಲಿದೆ. ಅದನ್ನು ಕೊಳ್ಳುವವರು ಇನ್ನೂ ಸಿಕ್ಕಿಲ್ಲ.